ಆಟದಂಗಳದ ಪುಂಡಾಟಕ್ಕೆ ಕಡಿವಾಣ: ಹೊಣೆ ಯಾರದು?

ಸಾವಿರಾರು ಮಂದಿ ಒಬ್ಬೊಬ್ಬರೂ ಒಂದೊಂದು ಪಾತ್ರ ಧರಿಸಿ ಒಂದೇ ಕಾಲ್ಪನಿಕ ಲೋಕದಲ್ಲಿ ಸಂಚರಿಸುವ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಕೆಲವರ ಪುಂಡಾಟ ಉಳಿದವರಿಗೆ ಕಂಟಕವಾಗುವುದು ಹೊಸತೇನಲ್ಲ. ಹೊಸಬರನ್ನು ಬೆನ್ನಟ್ಟಿ ಕೊಲ್ಲುವುದು, ಗಳಿಸಿದ್ದನ್ನು ದೋಚುವುದು, ಅಶ್ಲೀಲವಾಗಿ ನಿಂದಿಸುವುದು ಇವರ ಪರಿಪಾಠ. ಇವರನ್ನು ಹದ್ದುಬಸ್ತಿನಲ್ಲಿಡಬೇಕಾದವರು ಆಟಗಾರರೋ, ಕಂಪನಿಯೋ ಅಥವಾ ಯಂತ್ರವೋ? ಕಳೆದ ಮೂರು ದಶಕಗಳ ಅನುಭವ ಈ ಪ್ರಶ್ನೆಗೆ ಸಾಕಷ್ಟು ಉತ್ತರ ನೀಡಿದೆ.

ಆಟಗಾರರೇ ಆಳಿದಾಗ

ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ‘ಲ್ಯಾಂಬ್ಡಾಮೂ’ ಇಂಥ ಆಟಗಳಿಗೆ ಹತ್ತಿರದ ಬಂಧು. ಅಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಅಕ್ಷರಗಳಲ್ಲೇ ನಡೆಯುತ್ತಿತ್ತು. ಸದಸ್ಯರ ಜಗಳಗಳಲ್ಲಿ ಇನ್ನು ತಲೆ ಹಾಕುವುದಿಲ್ಲವೆಂದು ನಿರ್ವಾಹಕರು 1992ರ ಕೊನೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಸದಸ್ಯನೊಬ್ಬ, ಇತರರ ಪಾತ್ರಗಳು ಲೈಂಗಿಕ ಹಿಂಸೆಗೆ ಒಳಗಾದಂತೆ ಬಿಂಬಿಸುವ ಸಾಲುಗಳನ್ನು ಎಲ್ಲರೆದುರು ಮೂಡಿಸಿದ. ಸದಸ್ಯರು ಸಭೆ ಸೇರಿ ಸುದೀರ್ಘವಾಗಿ ಚರ್ಚಿಸಿದರೂ ಒಮ್ಮತ ಮೂಡಲಿಲ್ಲ. ಕೊನೆಗೆ ನಿರ್ವಾಹಕರೊಬ್ಬರು ಸ್ವಂತ ನಿರ್ಧಾರದಿಂದ ಆತನ ಖಾತೆಯನ್ನು ಅಳಿಸಿದರು. ಆತ ಬೇರೊಂದು ಹೆಸರಿನಲ್ಲಿ ಮರಳಿ ಬಂದ!

ಬಳಿಕ ಮನವಿ ಹಾಗೂ ಮತದಾನದ ವ್ಯವಸ್ಥೆ ಜಾರಿಗೆ ಬಂತು. ಆದರೆ ಇಂಥ ತೀರ್ಮಾನಗಳಿಂದ ದೂರ ಉಳಿಯುವುದು ಸಾಧ್ಯವಿಲ್ಲವೆಂದು ನಿರ್ವಾಹಕರೇ 1996ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಲೋಕವೇ ಇಬ್ಭಾಗ

1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಪಟ್ಟಣದ ಕಾವಲು ದಾಟಿದರೆ ಯಾರು ಯಾರನ್ನಾದರೂ ಕೊಂದು ಸುಲಿಗೆ ಮಾಡಬಹುದಿತ್ತು. ಕೊಲೆಗಡುಕರ ಹೆಸರನ್ನು ಕೆಂಪಕ್ಷರದಲ್ಲಿ ತೋರಿಸುವ ಉಪಾಯವೂ ಸಾಲದಾಯಿತು. ಕೊನೆಗೆ 2000ರಲ್ಲಿ ಕಂಪನಿ ಲೋಕವನ್ನೇ ಎರಡಾಗಿಸಿತು. ಒಪ್ಪಿಗೆಯಿಲ್ಲದೆ ದಾಳಿ ಮಾಡಲಾಗದ ‘ಟ್ರ್ಯಾಮೆಲ್’ಗೆ ಬಹುಪಾಲು ಆಟಗಾರರು ವಲಸೆ ಹೋದರೆ, ಹಳೆಯ ಪದ್ಧತಿಯ ‘ಫೆಲುಕ್ಕಾ’ ಬಿಕೋ ಎನ್ನತೊಡಗಿತು. ಗೋಡೆ ಕಟ್ಟಿದರೆ ಕೊಲೆ ನಿಲ್ಲಬಹುದು, ನಾಲಗೆ ನಿಲ್ಲದು.

ಯಂತ್ರದ ಕಿವಿ

ನಾಲಗೆಗೆ ಲಗಾಮು ಹಾಕಲು ಈಗ ಯಂತ್ರ ಬಂದಿದೆ. ರೋಲ್‌ಪ್ಲೇಯಿಂಗ್ ವರ್ಗಕ್ಕೆ ಸೇರದ ಯುದ್ಧದಾಟ ‘ಕಾಲ್ ಆಫ್ ಡ್ಯೂಟಿ’ಯಲ್ಲಿ, ಆಟಗಾರರ ಮಾತುಕತೆ ಆಲಿಸಿ ನಿಂದನೆಯನ್ನು ಗುರುತಿಸುವ ತಂತ್ರಾಂಶವನ್ನು 2023ರಲ್ಲಿ ಅಳವಡಿಸಲಾಯಿತು. ಆರಂಭದಲ್ಲಿ ಅದಕ್ಕೆ ತಿಳಿದಿದ್ದುದು ಇಂಗ್ಲಿಷ್ ಮಾತ್ರ. ಅದು ವರದಿ ಮಾಡುತ್ತದೆ. ಶಿಕ್ಷೆ ವಿಧಿಸುವ ಅಧಿಕಾರವನ್ನು ಕಂಪನಿ ತನ್ನಲ್ಲೇ ಉಳಿಸಿಕೊಂಡಿದೆ ಎಂಬುದು ಗಮನಾರ್ಹ.

ರೋಲ್‌ಪ್ಲೇಯಿಂಗ್ ಆಟಗಳಲ್ಲಂತೂ ತೊಡಕು ಇನ್ನೂ ಹೆಚ್ಚು. ‘ನಿನ್ನ ತಲೆ ತೆಗೆಯುತ್ತೇನೆ’ ಎಂದು ಖಳನ ಪಾತ್ರಧಾರಿ ಅಬ್ಬರಿಸುವುದು ಪಾತ್ರಕ್ಕೆ ತಕ್ಕ ಮಾತು. ಅದೇ ಮಾತನ್ನು ಒಬ್ಬರನ್ನೇ ಗುರಿಯಾಗಿಸಿ ದಿನವೂ ಹೇಳಿದರೆ ಅದು ಕಿರುಕುಳ. ಆಡಿದ್ದು ಪಾತ್ರವೋ, ಪಾತ್ರದ ಹಿಂದಿನ ವ್ಯಕ್ತಿಯೋ ಎಂಬುದನ್ನು ಪದಗಳ ಪಟ್ಟಿ ಹೇಳಲಾರದು. ಹಿನ್ನೆಲೆ ಬಲ್ಲ ಮನುಷ್ಯರೇ ಹೇಳಬೇಕು.

ಆಟಗಾರರ ದೂರು, ಆಟದ ವಿನ್ಯಾಸ, ಯಂತ್ರದ ನಿಗಾ ಮೂರೂ ಬೇಕು. ಆದರೆ ಅವು ತೀರ್ಪುಗಾರನ ಸ್ಥಾನ ತುಂಬಲಾರವು. ನಿಯಮಗಳನ್ನು ಮೊದಲೇ ತಿಳಿಸುವುದು, ಎರಡೂ ಕಡೆಯ ಅಹವಾಲು ಆಲಿಸುವುದು, ಶಿಕ್ಷೆಗೆ ಕಾರಣ ನೀಡುವುದು, ಮೇಲ್ಮನವಿಗೆ ಅವಕಾಶ ಕೊಡುವುದು ಅಂಗಳದ ಒಡೆಯರ ಹೊಣೆ. ಆ ಹೊಣೆಯಿಂದ ನುಣುಚಿಕೊಂಡಲ್ಲಿ ಅಂಗಳ ತೊರೆಯುವವರು ಪುಂಡರಲ್ಲ, ಸಭ್ಯರು.