ಬಾಗಿಲಲ್ಲಿ ಕನ್ನಡ, ಒಳಗೆ ಇಂಗ್ಲಿಷು

ವೈದ್ಯಕೀಯ ಕಾಲೇಜು ಸೇರಲು ಬರೆಯಬೇಕಾದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ನಡೆಸುತ್ತಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಕನ್ನಡದಲ್ಲಿ ಬರೆದು ಗೆದ್ದ ಗೇಣಿದಾರನ ಮಗನೋ ಬೀಡಿ ಕಟ್ಟುವವಳ ಮಗಳೋ ಹೊಸ್ತಿಲು ದಾಟಿದ ಮರುಗಳಿಗೆಯಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಿ ಬರೆಯಬೇಕು, ಇಂಗ್ಲಿಷಿನಲ್ಲಿ ಬೈಸಿಕೊಳ್ಳಬೇಕು. ಇದು ಯಾವ ಬಗೆಯ ಸತ್ಕಾರ?

ನರ್ಸಿಂಗ್ ಶಾಲೆಗಳಲ್ಲಿ ಸ್ಥಿತಿ ಇನ್ನೂ ಶೋಚನೀಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಹಳ್ಳಿಯ ಹೆಣ್ಣುಮಕ್ಕಳು ಅರ್ಥವಾಗದ ವಾಕ್ಯಗಳನ್ನು ಪುಟಗಟ್ಟಲೆ ಉರುಹೊಡೆಯುತ್ತಾರೆ. ನಾವೂ ಕೆಲವು ವರ್ಷ ಸೀಮೆಸುಣ್ಣ ಹಿಡಿದವರು. ಉರುಹೊಡೆದದ್ದು ಪರೀಕ್ಷೆಯ ಹಾಳೆಯವರೆಗೆ ಬರುತ್ತದೆ, ರೋಗಿಯ ಮಂಚದವರೆಗೆ ಬರುವುದಿಲ್ಲ ಎಂಬುದನ್ನು ಬಲ್ಲೆವು.

ಈ ವ್ಯಾಧಿಗೆ ನಮ್ಮ ಪ್ರಭುಗಳು ಕೊಟ್ಟ ಮದ್ದು ಎಷ್ಟು? 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ 40 ಗಂಟೆ. 2019ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ತಿಂಗಳ ಬುನಾದಿ ಶಿಕ್ಷಣವೆಂದು ಗೊತ್ತುಮಾಡಿದಾಗ ಭಾಷೆಗೂ ಕಂಪ್ಯೂಟರಿಗೂ ಸೇರಿಸಿ 40 ಗಂಟೆ! ಒಂದು ಪರಭಾಷೆಯನ್ನು 40 ಗಂಟೆಯಲ್ಲಿ ಕಲಿತ ಮಂತ್ರಿಗಳು ಯಾರಾದರೂ ಇದ್ದರೆ ನಮಗೆ ತಿಳಿಸಲಿ.

ಆಸ್ಪತ್ರೆಯ ಇಂಗ್ಲಿಷೇ ಬೇರೆ ಎಂಬುದನ್ನು ಕಲಿಸುವವರೂ ಮರೆತಿದ್ದಾರೆ. ಹೆಪಟೈಟಿಸ್, ನೆಫ್ರೈಟಿಸ್ ಮುಂತಾದವು ಹೆದರಿಸುವಂತೆ ಕಂಡರೂ ಅವು ಗ್ರೀಕಿನಿಂದ ಬಂದ ಪದಗಳು; ಲಂಡನ್ನಿನ ಹುಡುಗನೂ ಅವನ್ನು ಹೊಸದಾಗಿಯೇ ಕಲಿಯಬೇಕು. 'ಐಟಿಸ್' ಎಂದರೆ ಉರಿಯೂತ, 'ಹೆಪಾರ್' ಎಂದರೆ ಯಕೃತ್ತು ಎಂದು ಒಮ್ಮೆ ಬಿಡಿಸಿ ಹೇಳಿದರೆ ನಮ್ಮ ಮಕ್ಕಳು ನೂರು ಪದ ತಾವೇ ಬಿಡಿಸಿಕೊಳ್ಳುತ್ತಾರೆ. ಅವರು ಎಡವುವುದು ಸಣ್ಣ ಮಾತುಗಳಲ್ಲಿ. 'ಟೆಂಡರ್' ಎಂದರೆ ನಮ್ಮ ಹುಡುಗನಿಗೆ ಗೊತ್ತಿರುವುದು ಲೋಕೋಪಯೋಗಿ ಇಲಾಖೆಯ ಗುತ್ತಿಗೆ. ವೈದ್ಯರ ಟಿಪ್ಪಣಿಯಲ್ಲಿ ಅದು ಮುಟ್ಟಿದರೆ ನೋವು. 'ಕಂಪ್ಲೇಂಟ್' ಪೊಲೀಸ್ ಠಾಣೆಯ ದೂರಲ್ಲ, ರೋಗಿ ಹೇಳಿಕೊಂಡ ಬಾಧೆ. ಎಕ್ಸ್‌ರೇ ವರದಿಯಲ್ಲಿ 'ಅನ್‌ರಿಮಾರ್ಕಬಲ್' ಎಂದಿದ್ದರೆ ದೋಷವೇನೂ ಕಾಣಲಿಲ್ಲವೆಂದು ಅರ್ಥ.

ಇದು ಪದಗಳ ಆಟವಲ್ಲ. ಡಿಗಾಕ್ಸಿನ್ ಎಂಬ ಹೃದಯದ ಔಷಧವನ್ನು ಕೊಡುವ ಮೊದಲು ದಾದಿ ನಾಡಿ ಎಣಿಸಬೇಕು. ದೊಡ್ಡವರಲ್ಲಿ ಅದು ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ ಔಷಧ ತಡೆದು ವೈದ್ಯರಿಗೆ ತಿಳಿಸಬೇಕು. ಇಂಗ್ಲಿಷಿನಲ್ಲಿ ಬರೆದಾಗ ಈ ಪಾಠದ ಅರ್ಥವೆಲ್ಲ 'ಅನ್‌ಲೆಸ್', 'ವಿತ್‌ಹೋಲ್ಡ್' ಎಂಬ ಒಂದೆರಡು ಪದಗಳ ಮೇಲೆ ನಿಂತಿರುತ್ತದೆ. ಆ ಪದ ತಿಳಿಯದ ಹುಡುಗಿಯನ್ನು ದಡ್ಡಿ ಎನ್ನುವವರು, ತಿಳಿಸಿಕೊಡಬೇಕಾದವರು ಯಾರೆಂದು ಕೇಳಿಕೊಂಡಿದ್ದಾರೆಯೇ?

ಈ ಅನ್ಯಾಯದ ಬೇರು ಹಳೆಯದು. 1822ರಲ್ಲಿ ಕಲ್ಕತ್ತೆಯಲ್ಲಿ ಕಂಪನಿ ಸರಕಾರವೇ ತೆರೆದ ವೈದ್ಯಶಾಲೆಯಲ್ಲಿ ಪಾಠ ದೇಶಭಾಷೆಯಲ್ಲಿ ನಡೆಯುತ್ತಿತ್ತು. 1835ರಲ್ಲಿ ಅದನ್ನು ಮುಚ್ಚಿ ಇಂಗ್ಲಿಷಿನ ಮೆಡಿಕಲ್ ಕಾಲೇಜು ಕಟ್ಟಿದರು. ಆದರೆ ಕೆಳದರ್ಜೆಯ ವೈದ್ಯಸಹಾಯಕರು ಬೇಕಾದಾಗ ಅದೇ ಕಾಲೇಜಿನಲ್ಲಿ 1839ರಲ್ಲಿ ಹಿಂದೂಸ್ತಾನಿ ತರಗತಿ, 1852ರಲ್ಲಿ ಬಂಗಾಳಿ ತರಗತಿ ತೆರೆದರು. ಅಂದರೆ ದೇಶಭಾಷೆಯಲ್ಲಿ ವೈದ್ಯ ಕಲಿಸಲು ಬರುತ್ತದೆಂಬುದು ಬಿಳಿಯರಿಗೂ ಗೊತ್ತಿತ್ತು. ಅದನ್ನು ಕೆಳಗಿನ ಮೆಟ್ಟಿಲಿಗೆ ಮೀಸಲಿಟ್ಟರು, ಅಷ್ಟೆ. ಬಿಳಿಯರು ಹೋದರು, ಮೆಟ್ಟಿಲು ಹಾಗೆಯೇ ಇದೆ.

ನಾವು ಇಂಗ್ಲಿಷು ಕಲಿಯಬೇಡಿ ಎನ್ನುವವರಲ್ಲ. ಇಂಗ್ಲಿಷನ್ನು ತೊಲಗಿಸಿ ಎಂದ ಲೋಹಿಯಾ ಅವರ ಸಿಟ್ಟು ಅದರ ದೊರೆತನದ ಮೇಲೆ, ಅದರ ಪುಸ್ತಕಗಳ ಮೇಲಲ್ಲ. ಜಪಾನಿನಲ್ಲಿ ವೈದ್ಯ ಕಲಿಯುವುದು ಜಪಾನಿ ಭಾಷೆಯಲ್ಲಿ, ಇಂಗ್ಲಿಷನ್ನು ಕಲಿಯುವುದು ಪರಭಾಷೆಯಾಗಿ. 2022ರ ಅಕ್ಟೋಬರಿನಲ್ಲಿ ಭೋಪಾಲದಲ್ಲಿ ಹಿಂದಿಯ ವೈದ್ಯಪುಸ್ತಕಗಳನ್ನು ಕೇಂದ್ರದ ಗೃಹಮಂತ್ರಿಗಳೇ ಬಂದು ಬಿಡುಗಡೆ ಮಾಡಿದರು. ಪುಸ್ತಕ ಬಂದದ್ದು ಸರಿ. ಆದರೆ ಸಮಾರಂಭ ಮಾಡಿದಷ್ಟು ಸುಲಭವಲ್ಲ ಅಧ್ಯಾಪಕರನ್ನು ತಯಾರುಮಾಡುವುದು. ಕನ್ನಡದಲ್ಲಿ ವೈದ್ಯ ಬರೆಯಲಾಗದು ಎನ್ನುವ ಪಂಡಿತರು ಡಾ. ಅನುಪಮಾ ನಿರಂಜನರ 'ತಾಯಿ ಮಗು' ತೆರೆದು ನೋಡಲಿ.

ಇನ್ನೊಂದು ವಿಚಿತ್ರ. ಬ್ರಿಟನ್ನಿಗೋ ಆಸ್ಟ್ರೇಲಿಯಕ್ಕೋ ಹೊರಟ ದಾದಿಯರು ಒ.ಇ.ಟಿ. ಎಂಬ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಪರೀಕ್ಷಕರ ಕಡೆಯವರೊಬ್ಬರು ರೋಗಿಯ ಪಾತ್ರ ವಹಿಸುತ್ತಾರೆ. ದಾದಿ ಅವರ ಭಯವನ್ನು ಕೇಳಿ ತಿಳಿದು, ಸುಲಭವಾದ ಮಾತಿನಲ್ಲಿ ವಿವರಿಸಬೇಕು. ಬಿಳಿಯ ರೋಗಿಗೆ ಈ ಮರ್ಯಾದೆ! ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳು "ಹೊಟ್ಟೆ ತೊಳಸ್ತದೆ, ಕೈಕಾಲು ಜೋಮು ಹಿಡೀತದೆ, ಕಣ್ಣು ಕತ್ತಲೆ ಬರ್ತದೆ ಕಣವ್ವಾ" ಎಂದರೆ ಈ ಮೂರು ಮಾತನ್ನು ಬೇರೆ ಬೇರೆಯಾಗಿ ಗುರುತಿಸಲು ಬರುವುದೇ ಎಂದು ಯಾವ ಪರೀಕ್ಷಕರು ಕೇಳುತ್ತಾರೆ?

ಆದ್ದರಿಂದ ನಮ್ಮ ಬೇಡಿಕೆ ಸರಳ. ಇಂಗ್ಲಿಷನ್ನು ಪರಭಾಷೆಯೆಂದು ಒಪ್ಪಿಕೊಂಡು, ಕನ್ನಡ ಬಲ್ಲ ಭಾಷಾ ಅಧ್ಯಾಪಕರನ್ನು ಪ್ರತಿ ಸರಕಾರಿ ಕಾಲೇಜಿಗೂ ನೇಮಿಸಲಿ. 40 ಗಂಟೆಯಲ್ಲ, ಮೊದಲೆರಡು ವರ್ಷ ವಾರವಾರವೂ ಪಾಠವಿರಲಿ. ಆ ಪಾಠ ರೋಗಿಯ ಚೀಟಿ, ವರದಿ, ಔಷಧದ ಕಾಗದಗಳಿಂದಲೇ ನಡೆಯಲಿ. ಅಷ್ಟರವರೆಗೆ ಕಾಲೇಜಿನ ಒಳಪರೀಕ್ಷೆಗಳಲ್ಲಿ ಕನ್ನಡ ವಾಕ್ಯದೊಳಗೆ ಪಾರಿಭಾಷಿಕ ಪದವಿಟ್ಟು ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಡಲಿ. ತಿದ್ದುವವರಲ್ಲಿ ಬಹುಮಂದಿ ಮನೆಯಲ್ಲಿ ಕನ್ನಡವನ್ನೇ ಮಾತಾಡುವವರು. ಓದಲು ಬರುವುದಿಲ್ಲವೆಂದು ಅವರು ಹೇಳಲಾರರು.