ಲಜ್ಜೆಯ ಹೆಸರಿನಲ್ಲಿ ಮೌನ

ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಬೆಳಕಿಗೆ ಬಂದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಹಗರಣವನ್ನು ನಮ್ಮವರು ಬಹುಬೇಗ ಮರೆತುಬಿಟ್ಟರು. ಎರಡೂವರೆ ವರ್ಷಗಳ ಅವಧಿಯಲ್ಲಿ 2,258 ಮಹಿಳೆಯರ ಗರ್ಭಕೋಶಗಳನ್ನು ತೆಗೆದುಹಾಕಲಾಗಿದೆ ಎಂದು ಆಗ ವರದಿಯಾಗಿತ್ತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರು. ವಿಚಾರಣೆ ನಡೆಯಿತು, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಿಗೆ ರದ್ದುಪಡಿಸಲು ಶಿಫಾರಸು ಆಯಿತು. ಆದರೂ 2017ರಲ್ಲಿ ಆ ನೊಂದ ಮಹಿಳೆಯರು ನ್ಯಾಯಕ್ಕಾಗಿ ಕಲಬುರಗಿಯ ಬೀದಿಗಿಳಿಯಬೇಕಾಯಿತು.

ಅವರು ಆಸ್ಪತ್ರೆಗೆ ಹೋದದ್ದಾದರೂ ಏತಕ್ಕೆ? ಸೊಂಟನೋವು, ಕಿಬ್ಬೊಟ್ಟೆಯ ನೋವು, ಬಿಳಿ ಸೆರಗು, ಏರುಪೇರಾದ ಮುಟ್ಟು. ಇಷ್ಟಕ್ಕೇ ಒಂದು ಸ್ಕ್ಯಾನಿಂಗ್, ಮುಂದೆ ಕ್ಯಾನ್ಸರ್ ಆದೀತೆಂಬ ಬೆದರಿಕೆ, ಬಳಿಕ ಕತ್ತರಿ. ತನ್ನ ದೇಹದ ಅಂಗಗಳಿಗೆ ಹೆಸರೇ ತಿಳಿಯದ ಹೆಣ್ಣುಮಗಳು ವೈದ್ಯನನ್ನು ಏನೆಂದು ಪ್ರಶ್ನಿಸಿಯಾಳು?

ಅದು ತಾಂಡಾದ ಅನಕ್ಷರಸ್ಥರ ಕಥೆ, ನಮಗೇನು ಎನ್ನುವವರಿಗೆ ನಾವು ಕೇಳುವುದು ಇಷ್ಟೇ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ನಮ್ಮ ಮನೆಗಳಲ್ಲಿ ಯಾವ ಮಾತು ಚಾಲ್ತಿಯಲ್ಲಿದೆ? 'ಸಫೇದ್ ಪಾನಿ', 'ಔರತಾಂ ಕಿ ಬೀಮಾರಿ'. ಈ ಎರಡು ಮಾತುಗಳೊಳಗೆ ಸಹಜ ಸ್ರಾವ, ಸಾಮಾನ್ಯ ಸೋಂಕು, ಗಂಭೀರ ರೋಗ ಎಲ್ಲವೂ ಒಂದೇ ಗಂಟಾಗಿ ಬಿದ್ದಿವೆ. ಚಂದ್ರಂಪಳ್ಳಿಯ ತಾಂಡಾಗಳ ಮೌನಕ್ಕೂ ಪದವೀಧರೆ ಸೊಸೆ ಇರುವ ನಮ್ಮ ಪಟ್ಟಣದ ಮನೆಯ ಮೌನಕ್ಕೂ ವ್ಯತ್ಯಾಸವೇನೂ ಇಲ್ಲ.

ಇದು ಹಯಾ, ಅಂದರೆ ಲಜ್ಜೆ, ಈಮಾನಿನ ಭಾಗ ಎಂದು ಕೆಲವು ಹಿರಿಯರು ವಾದಿಸುತ್ತಾರೆ. ಲಜ್ಜೆ ಈಮಾನಿನ ಭಾಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಲಜ್ಜೆಯ ಅರ್ಥವನ್ನು ನಾವು ಯಾರಿಂದ ಕಲಿಯಬೇಕು? ಧರ್ಮವನ್ನು ಅರಿಯಲು ಲಜ್ಜೆ ಅಡ್ಡಬರಲಿಲ್ಲವೆಂದು ಅನ್ಸಾರ್ ಮಹಿಳೆಯರನ್ನು ಹ. ಆಯಿಶಾ(ರ) ಹೊಗಳಿದ್ದಾರೆ. ನಿರಂತರ ರಕ್ತಸ್ರಾವದಿಂದ ಬಳಲುತ್ತಿದ್ದ ಹ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಬಂದು, ತಾನು ನಮಾಝ್ ಬಿಡಬೇಕೇ ಎಂದು ಕೇಳಿದರು. ಪ್ರವಾದಿವರ್ಯರು(ಸ) ಮುಖ ತಿರುಗಿಸಲಿಲ್ಲ, ಗದರಿಸಲಿಲ್ಲ. ಅದು ಮುಟ್ಟಲ್ಲ, ನರದಿಂದ ಬರುವ ರಕ್ತ ಎಂದು ವಿವರಿಸಿದರು. ಸಹಜವಾದುದನ್ನೂ ರೋಗವನ್ನೂ ಬೇರ್ಪಡಿಸಿ, ಒಂದೊಂದಕ್ಕೂ ಅದರದೇ ಹೆಸರು ಕೊಟ್ಟರು. ಹೈಝ್, ನಿಫಾಸ್, ಇಸ್ತಿಹಾಝ ಎಂಬ ಮೂರು ಪದಗಳನ್ನು ಫಿಕ್ಹ್‌ನ ಪ್ರತಿಯೊಂದು ಗ್ರಂಥವೂ ಶುದ್ಧಿಯ ಅಧ್ಯಾಯದಲ್ಲಿಯೇ ಬಿಡಿಸಿ ಹೇಳುತ್ತದೆ. ಮದ್ರಸಾದಲ್ಲಿ ಹದಿನಾರರ ಹುಡುಗರು ಇದನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಾರೆ. ಅದೇ ಹುಡುಗರು ಮೌಲವಿಗಳಾಗಿ ಮಿಂಬರ್ ಏರಿದೊಡನೆ ಈ ವಿಷಯ ಅಶ್ಲೀಲವಾಗಿಬಿಡುತ್ತದೆ! ಅರಬಿಯಲ್ಲಿ ಇಲ್ಮ್ ಆದದ್ದು ಕನ್ನಡದಲ್ಲಿ ಬೇಶರಮ್ ಆಗುವುದು ಯಾವ ನ್ಯಾಯ?

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'ಯಂತಹ ಗ್ರಂಥವನ್ನು ದಶಕಗಳ ಹಿಂದೆಯೇ ಬರೆದಿದ್ದಾರೆ. ಹೊರಗೆ ಕಾಣುವ ಭಾಗ ಭಗ, ಒಳಗಿನ ಮಾರ್ಗ ಯೋನಿ, ಅದರ ಕೊನೆಯಲ್ಲಿರುವುದು ಗರ್ಭಕೊರಳು, ಅದರ ಮೇಲೆ ಗರ್ಭಕೋಶ, ಇಕ್ಕೆಲಗಳಲ್ಲಿ ಅಂಡಾಶಯ. ಈ ಐದು ಹೆಸರು ತಿಳಿದಿರುವ ತಾಯಿ ತನ್ನ ಮಗಳ ತೊಂದರೆ ಎಲ್ಲಿದೆಯೆಂದು ವೈದ್ಯೆಗೆ ಹೇಳಬಲ್ಲಳು.

ಇನ್ನು ಬಿಳಿ ಸೆರಗಿನ ವಿಚಾರ. ವಾಸನೆಯಿಲ್ಲದ, ತುರಿಕೆಯಿಲ್ಲದ, ತಿಂಗಳ ದಿನಗಳಿಗೆ ಅನುಸಾರವಾಗಿ ಹೆಚ್ಚುಕಡಿಮೆಯಾಗುವ ಸ್ರಾವ ರೋಗವೇ ಅಲ್ಲ. ಮೊಸರಿನ ಗಡ್ಡೆಯಂತಿದ್ದು ತೀವ್ರ ತುರಿಕೆಯಿದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಇದು ಮತ್ತೆ ಮತ್ತೆ ಬರುತ್ತದೆ. ತೆಳುವಾಗಿ, ಬೂದು ಬಣ್ಣದ್ದಾಗಿ, ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಲ್ ವೆಜೈನೋಸಿಸ್. ಹಳದಿ-ಹಸಿರು ಬಣ್ಣದ್ದಾಗಿ ನೊರೆಯಿದ್ದರೆ ಟ್ರೈಕೊಮೊನಾಸ್ ಇರಬಹುದು. ಇದು ದೈಹಿಕ ಸಂಪರ್ಕದಿಂದ ಹರಡುವುದರಿಂದ ಗಂಡನೂ ಮಾತ್ರೆ ನುಂಗಬೇಕು, ಹೆಂಡತಿಯೊಬ್ಬಳಿಗೆ ಚಿಕಿತ್ಸೆ ಕೊಡಿಸಿ ಪ್ರಯೋಜನವಿಲ್ಲ. (ಈ ಮಾತು ಕೇಳಿದೊಡನೆ ನಮ್ಮ ಎಷ್ಟು ಗಂಡಸರ ಮೀಸೆ ಕುಣಿಯುತ್ತದೆಂದು ನಮಗೆ ಗೊತ್ತು.) ಮೂರಕ್ಕೂ ಪರೀಕ್ಷೆ ಇದೆ, ಅಗ್ಗದ ಔಷಧವಿದೆ. ಇವುಗಳಲ್ಲಿ ಯಾವೊಂದಕ್ಕೂ ಗರ್ಭಕೋಶ ತೆಗೆಯಬೇಕಾಗಿಲ್ಲ. ಶುಚಿತ್ವದ ಹೆಸರಿನಲ್ಲಿ ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವ ಅಭ್ಯಾಸವೂ ತಪ್ಪು. ಯೋನಿಯಲ್ಲಿ ನೆಲೆಸಿರುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳು ಆಮ್ಲವನ್ನು ಉತ್ಪಾದಿಸಿ ಸೋಂಕನ್ನು ತಡೆಯುತ್ತವೆ, ಈ ತೊಳೆತ ಅವನ್ನೇ ನಾಶಪಡಿಸುತ್ತದೆ. ಶುದ್ಧಿಗೆ ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು.

ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಪರ್ಕದ ಬಳಿಕ ರಕ್ತ ಹೋದರೆ ಒಂದು ದಿನವೂ ತಡಮಾಡಬಾರದು. ಗರ್ಭಕೊರಳಿನ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣಪಡಿಸಬಹುದು. ಲಜ್ಜೆಯಿಂದ ಮುಚ್ಚಿಟ್ಟರೆ ಕೊಲ್ಲುತ್ತದೆ.

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 650 ಗ್ರಾಮೀಣ ಮಹಿಳೆಯರಲ್ಲಿ ಶೇ. 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಆ ಪರೀಕ್ಷೆಗೆ ಒಳಗಾಗಿದ್ದವರು ಶೇ. 8ರಷ್ಟು ಮಾತ್ರ. ಮೌನದ ಬೆಲೆ ಇದು. ಆ ಮೌನವನ್ನು ವ್ಯಾಪಾರ ಮಾಡಿಕೊಂಡವರೂ ದೇಶದಲ್ಲಿದ್ದಾರೆ: ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿನ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಬೇಕಾಯಿತು.

371(ಜೆ)ಯ ಹೆಸರಿನಲ್ಲಿ ಮತ ಕೇಳಿದ ಜನಪ್ರತಿನಿಧಿಗಳನ್ನು ನಾವು ಚರಂಡಿ, ರಸ್ತೆ, ಖಬರಸ್ತಾನದ ಗೋಡೆಯ ಬಗ್ಗೆ ತಪ್ಪದೆ ವಿಚಾರಿಸುತ್ತೇವೆ. ತಾಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆ ಇದ್ದಾರೆಯೇ ಎಂದು ಯಾವ ಜಮಾಅತ್ ಮನವಿಪತ್ರ ಕೊಟ್ಟಿದೆ? ಶಾದಿ ಮಹಲ್‌ಗೆ ಚಂದಾ ಎತ್ತುವ ಸಮಿತಿಗಳು ಹೆಣ್ಣುಮಕ್ಕಳ ಮದ್ರಸಾದಲ್ಲಿ ಶುದ್ಧಿಯ ಪಾಠದ ದಿನ ಒಬ್ಬ ವೈದ್ಯೆಯನ್ನು ಒಂದು ಗಂಟೆ ಕರೆಸಲು ಮುಂದಾದರೆ ಖರ್ಚು ಒಂದು ಆಟೋ ಬಾಡಿಗೆ, ಒಂದು ಲೋಟ ಚಹಾ. ಈ ವರ್ಷ ಅದಕ್ಕೆ ಸಿದ್ಧವಿರುವ ಸಮಿತಿಗಳು ಎಷ್ಟು?