ವರ್ಮ್‌ಹೋಲೂ ಇಲ್ಲ, ಮಾಯೆನೂ ಇಲ್ಲ (ಚಂದ್ರಾ ಲೇಔಟ್ ಫಿಸಿಕ್ಸ್, ಭಾಗ 4)

1/4
ಕ್ಲಾಸ್ ಗ್ರೂಪಲ್ಲಿ ಆ ರೀಲ್ ಮತ್ತೆ ಓಡ್ತಿದೆ. "ವಿಜ್ಞಾನಿಗಳು ವರ್ಮ್‌ಹೋಲ್ ಸೃಷ್ಟಿಸಿದ್ರು! ಜಗತ್ತೇ ಹೊಲೋಗ್ರಾಂ, ಎಲ್ಲಾ ಮಾಯೆ!" ಗುರೂ, ಫಾರ್ವರ್ಡ್ ಮಾಡೋ ಮುಂಚೆ ಒಂದ್ನಿಮಿಷ.

2022ರ ಕೊನೆಯಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಡೆದದ್ದು ಇಷ್ಟೇ: ಗೂಗಲ್‌ನ ಸಿಕಾಮೋರ್ ಚಿಪ್ ಮೇಲೆ 9 ಕ್ಯೂಬಿಟ್ ಬಳಸಿ ಒಂದು ಪುಟ್ಟ ಮಾದರಿಯನ್ನ ಓಡಿಸಿದ್ರು. ಲ್ಯಾಬಲ್ಲಿ ಯಾವ ತೂತೂ ಬೀಳಲಿಲ್ಲ. ಮಳೆಯ ಸಿಮ್ಯುಲೇಶನ್ ಓಡಿಸಿದ್ರೆ ಲ್ಯಾಪ್‌ಟಾಪ್ ಒದ್ದೆ ಆಗುತ್ತಾ? ಅಷ್ಟು ಚಿಕ್ಕ ಮಾದರಿ ವರ್ಮ್‌ಹೋಲ್ ಥರ ವರ್ತಿಸುತ್ತೆ ಅನ್ನೋದಕ್ಕೇ ಬೇರೆ ಭೌತವಿಜ್ಞಾನಿಗಳು ತಕರಾರು ತೆಗೆದ್ರು.

2/4
ಅಸಲಿ ವಿಷಯ ಇದಕ್ಕಿಂತ ವಿಚಿತ್ರ. 1997ರಲ್ಲಿ ಮಾಲ್ಡಸೀನಾ ಹೇಳಿದ್ದು: ಒಂದು ಬಗೆಯ ಬಾಗಿದ ಅವಕಾಶದ ಒಳಗಿನ ಗುರುತ್ವ, ಅದರ ಅಂಚಿನ ಮೇಲಿರೋ ಗುರುತ್ವವೇ ಇಲ್ಲದ ಕ್ವಾಂಟಂ ಸಿದ್ಧಾಂತ, ಎರಡೂ ಒಂದೇ. 2006ರಲ್ಲಿ ರ್ಯು ಮತ್ತು ತಕಾಯನಾಗಿ ಒಂದು ಸೂತ್ರ ಕೊಟ್ರು. ಅಂಚಿನ ಒಂದು ತುಂಡು ಮಿಕ್ಕ ಭಾಗದ ಜೊತೆ ಎಷ್ಟು ಎಂಟ್ಯಾಂಗಲ್ ಆಗಿದೆ ಅಂತ ತಿಳೀಬೇಕಾ? ಒಳಗಡೆ ಅದಕ್ಕೆ ಹೊಂದೋ ಅತಿ ಚಿಕ್ಕ ಮೇಲ್ಮೈಯ ವಿಸ್ತೀರ್ಣ ಅಳೆಯಿರಿ.

2010ರಲ್ಲಿ ವಾನ್ ರಾಮ್ಸ್‌ಡಾಂಕ್ ಇದನ್ನ ತಿರುಗಿಸಿ ಕೇಳಿದ್ರು: ಎಂಟ್ಯಾಂಗಲ್‌ಮೆಂಟ್ ಕಮ್ಮಿ ಮಾಡ್ತಾ ಹೋದ್ರೆ? ನಡುವಿನ ವಿಸ್ತೀರ್ಣ ಕುಗ್ಗುತ್ತೆ, ಎರಡೂ ಕಡೆ ದೂರ ಸರಿಯುತ್ತೆ. ಹಲಸಿನ ಮೇಣ ಎರಡು ಬೆರಳಲ್ಲಿ ಎಳೆದ ಹಾಗೆ ತೆಳ್ಳಗಾಗಿ, ಉದ್ದ ಆಗಿ, ಕೊನೆಗೆ ಕಡಿದು ಹೋಗುತ್ತೆ. ಇಲ್ಲಿ ಕಡಿಯೋದು ಜಾಗವೇ!

3/4
ಇದರಲ್ಲಿ ಮಾಯೆ ಎಲ್ಲಿದೆ? ಒಂದೇ ಲೆಕ್ಕನ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದ್ರೆ ಒಂದು ಸುಳ್ಳಾಗುತ್ತಾ? "ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತು" ಅನ್ನೋರು ಆ ವಿಸ್ತೀರ್ಣದ ಸೂತ್ರ ತೋರಿಸ್ಲಿ, ನಾನೇ ಶೇರ್ ಮಾಡ್ತೀನಿ.

ರೀಲ್ ಮುಚ್ಚಿಡೋ ಇನ್ನೊಂದು ವಿಷಯ: ಈ ಲೆಕ್ಕ ಚೆನ್ನಾಗಿ ನಡೆಯೋದು ಆಂಟಿ-ಡಿಸಿಟ್ಟರ್ ಅನ್ನೋ ಅವಕಾಶದಲ್ಲಿ. ನಮ್ಮ ವಿಶ್ವ ಅದಲ್ಲ. ಅದು ವೇಗ ಹೆಚ್ಚಿಸಿಕೊಂಡು ಹಿಗ್ಗುತ್ತಿದೆ ಅಂತ 1998ರಿಂದ ಗೊತ್ತು. ಇಂಥ ವಿಶ್ವಕ್ಕೆ ಎಲ್ಲರೂ ಒಪ್ಪೋ ಅಂಥ ನಿಘಂಟು ಇನ್ನೂ ಸಿದ್ಧವಾಗಿಲ್ಲ. ಅಂದ್ರೆ ದೊಡ್ಡ ಪ್ರಶ್ನೆ ಹಾಗೇ ಬಿದ್ದಿದೆ. "ಆಗೋಯ್ತು" ಅಂತ ಹೇಳಿ ನಮ್ಮ ಕೈಯಿಂದ ಅದನ್ನ ಕಿತ್ಕೊಳ್ತಾರಲ್ಲ, ಅದಕ್ಕೆ ನನಗೆ ಸಿಟ್ಟು.

4/4
ಇದೆಲ್ಲ ಫಾರಿನ್ ವಿಷಯ ಅನ್ಕೊಂಡ್ರಾ? ಚಂದ್ರಾ ಲೇಔಟ್‌ನಿಂದ ಯಶವಂತಪುರ ಎಷ್ಟು ದೂರ? ಅದರ ಪಕ್ಕದ ಐಐಎಸ್‌ಸಿಯಲ್ಲಿರೋ ಅನಿಂದ ಸಿನ್ಹಾ, ರಾಬರ್ಟ್ ಮೈಯರ್ಸ್ ಜೊತೆ 2010ರಲ್ಲೇ ಹೊಲೋಗ್ರಫಿ ಮತ್ತು ಎಂಟ್ಯಾಂಗಲ್‌ಮೆಂಟ್ ಬಗ್ಗೆ ಬರೆದಿದ್ದಾರೆ. ಹೆಸರಘಟ್ಟ ಕಡೆ ಶಿವಕೋಟೆಯ ಐಸಿಟಿಎಸ್‌ನಲ್ಲಿ ಸುವ್ರತ್ ರಾಜು, ಕಪ್ಪುಕುಳಿಯ ಮಾಹಿತಿ ಹೊರಗಡೆಯೇ ಲಭ್ಯ ಅಂತ ವಾದಿಸ್ತಾರೆ. "ಕಾಪಿ ವಿತ್ ಕ್ಯೂರಿಯಾಸಿಟಿ" ಅಂತ ಐಸಿಟಿಎಸ್‌ನವರ ಸಾರ್ವಜನಿಕ ಉಪನ್ಯಾಸಗಳೂ ಇವೆ. (ಕನ್ನಡದಲ್ಲೂ ಇನ್ನಷ್ಟು ಮಾಡ್ರಪ್ಪಾ, ಅದು ಬೇರೆ ಜಗಳ.)

ರೀಲ್ ಮಾಡಿದವರೂ ಕಾಮೆಂಟಿಗೆ ಬನ್ನಿ. ಆದ್ರೆ ಬರೋವಾಗ ಲೆಕ್ಕ ತಗೊಂಡು ಬನ್ನಿ.

#ಚಂದ್ರಾಲೇಔಟ್ #ಕನ್ನಡದಲ್ಲಿಫಿಸಿಕ್ಸ್ #ಹೊಲೋಗ್ರಫಿ